ಪ್ರಯೋಗ ಚಟುವಟಿಕೆಯ ಮೌಲ್ಯಮಾಪನದಲ್ಲಿ ವಿಶ್ವಸನೀಯತೆ

ಎಸ್.ಎಸ್.ಎಲ್.ಸಿ. ವಿಜ್ಞಾನದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನದವು. ಲಿಖಿತ ಉತ್ತರವನ್ನು ಮತ್ತೆ ತೆಗೆದು ನೋಡಬಹುದು. ವಿದ್ಯಾರ್ಥಿ ಮಾಡಿ ತೋರಿಸಿದ ಪ್ರಯೋಗ ಹಾಗಲ್ಲ, ಆ ಕ್ಷಣಕ್ಕೇ ಮುಗಿಯುತ್ತದೆ. ಆದ್ದರಿಂದ ಇಲ್ಲಿ ಮೌಲ್ಯಮಾಪಕರು ಬದಲಾದರೂ ಅಂಕ ಬದಲಾಗದಂತೆ ನೋಡಿಕೊಳ್ಳುವುದು ಮುಖ್ಯ.

ಪೂರ್ವಾಗ್ರಹದ ರೂಪಗಳು

ಸೇನಾಧಿಕಾರಿಗಳ ಬಗ್ಗೆ ಮೇಲಧಿಕಾರಿಗಳು ನೀಡಿದ ಅಂದಾಜುಗಳನ್ನು ಥಾರ್ನ್‌ಡೈಕ್ 1920ರಲ್ಲಿ ಪರಿಶೀಲಿಸಿದರು. ಒಂದು ಗುಣದ ಮೇಲಿನ ಒಳ್ಳೆಯ ಅಭಿಪ್ರಾಯ ಉಳಿದ ಗುಣಗಳಿಗೂ ಹರಡುವುದನ್ನು ಅವರು ಗುರುತಿಸಿದರು. ಇದೇ ಪ್ರಭಾವಲಯ ಪರಿಣಾಮ. ಎಲ್ಲರಿಗೂ ಧಾರಾಳವಾಗಿ ಅಂಕ ನೀಡುವುದು, ಎಲ್ಲರನ್ನೂ ನಡುವಿನ ಅಂಕಗಳಲ್ಲೇ ನಿಲ್ಲಿಸುವುದು, ಹಿಂದಿನ ವಿದ್ಯಾರ್ಥಿಯೊಂದಿಗೆ ಹೋಲಿಸಿ ಅಂಕ ಹಾಕುವುದು ಇತರ ರೂಪಗಳು.

ಬಳಸಿದ ಮಾನದಂಡ

ಬೋಧನಾಭ್ಯಾಸದಲ್ಲಿ 10ನೇ ತರಗತಿಗೆ 'ಪೀನ ಮಸೂರದ ಸಂಗಮದೂರ ಕಂಡುಹಿಡಿಯುವುದು' ಚಟುವಟಿಕೆಗೆ ನಾನು 10 ಅಂಕಗಳ ತಪಶೀಲು ಪಟ್ಟಿ ರಚಿಸಿದೆ. ಪ್ರತಿ ಅಂಶಕ್ಕೆ 2 ಅಂಕ:

1. ದೂರದ ವಸ್ತುವಿನ ಸ್ಪಷ್ಟ ಪ್ರತಿಬಿಂಬವನ್ನು ಪರದೆಯ ಮೇಲೆ ಪಡೆಯುವುದು
2. ಮಸೂರ ಮತ್ತು ಪರದೆಯ ನಡುವಿನ ದೂರವನ್ನು ಅಳೆಯುವುದು
3. ಮೂರು ಬಾರಿ ಅಳೆದು ಸರಾಸರಿ ತೆಗೆಯುವುದು
4. ಏಕಮಾನದೊಂದಿಗೆ ದಾಖಲಿಸುವುದು
5. ದೂರದ ವಸ್ತುವನ್ನೇ ಆರಿಸಿದ್ದಕ್ಕೆ ಕಾರಣ ಹೇಳುವುದು

'ಆಸಕ್ತಿ', 'ಅಚ್ಚುಕಟ್ಟುತನ' ಮುಂತಾದ, ನೋಡುವವರ ಮನಸ್ಸಿಗೆ ತಕ್ಕಂತೆ ಅರ್ಥ ಬದಲಾಗುವ ಪದಗಳನ್ನು ಬಿಟ್ಟಿದ್ದೇನೆ.

ಹೆಚ್ಚು ಎಚ್ಚರ ಬೇಕಾದದ್ದು 5ನೇ ಅಂಶದಲ್ಲಿ. 'ಸಮರ್ಪಕವಾಗಿ ವಿವರಿಸುತ್ತಾರೆ' ಎಂದಷ್ಟೇ ಬರೆದರೆ ಗ್ರಾಂಥಿಕ ಕನ್ನಡಕ್ಕೆ ಅಂಕ ಸಿಕ್ಕಿ, "ಅಷ್ಟು ದೂರದಿಂದ ಬರೋ ಕಿರಣ ಒಂದರ ಬಾಜೂಕ ಒಂದು ಸಮಾನಾಗಿ ಬರ್ತಾವ್ರಿ" ಎಂದ ಹುಡುಗಿಗೆ ತಪ್ಪಿಹೋಗಬಹುದು. ಅವಳು ಹೇಳಿದ್ದು ಸಮಾಂತರ ಕಿರಣಗಳನ್ನೇ. ಹಾಗಾಗಿ 'ಕಿರಣಗಳು ಸಮಾಂತರ ಎಂಬ ಅರ್ಥ ಯಾವ ಮಾತಿನಲ್ಲಿ ಬಂದರೂ 2' ಎಂದು ಪಟ್ಟಿಯಲ್ಲೇ ಬರೆದೆ.

ತಾಳೆ ನೋಡುವ ಕ್ರಮ

ನಾನೂ ಸಹ ಪ್ರಶಿಕ್ಷಣಾರ್ಥಿಯೂ ಒಂದೇ ಪ್ರಯೋಗವನ್ನು ನೋಡಿ, ಮಾತನಾಡಿಕೊಳ್ಳದೆ ಬೇರೆ ಬೇರೆ ಹಾಳೆಯಲ್ಲಿ ಅಂಕ ಹಾಕಿ ನಂತರ ಹೋಲಿಸಿದೆವು. ಲೆಕ್ಕ ಸರಳ: 12 ವಿದ್ಯಾರ್ಥಿಗಳು, 5 ಅಂಶಗಳಾದರೆ 60 ತೀರ್ಮಾನಗಳು. ಅವುಗಳಲ್ಲಿ 51 ಹೊಂದಿದರೆ ಸಹಮತ ಶೇ. 85. ಆಕಸ್ಮಿಕ ಹೊಂದಾಣಿಕೆಯೂ ಇದರಲ್ಲಿ ಸೇರಿರುತ್ತದೆ. ಅದನ್ನು ಕಳೆದು ನೋಡಲು ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಗುಣಾಂಕವಿದೆ. ಅಂಕ ಹೊಂದದ ಕಡೆ ಸರಾಸರಿ ಹಾಕಿ ಮುಗಿಸಬಾರದು. ಆ ಅಂಶದ ವಾಕ್ಯವನ್ನೇ ತಿದ್ದಬೇಕು.

ಮಿತಿ

ಸಹಮತವಿದ್ದ ಮಾತ್ರಕ್ಕೆ ಸಿಂಧುತ್ವ ಬರುವುದಿಲ್ಲ. ಇಬ್ಬರಿಗೂ ಒಂದೇ ಪೂರ್ವಾಗ್ರಹವಿದ್ದರೆ ಇಬ್ಬರೂ ಒಂದೇ ತಪ್ಪು ಅಂಕ ಕೊಡುತ್ತಾರೆ. ಆದ್ದರಿಂದ ಜೊತೆಗಾರರಾಗಿ ಬೇರೆ ವಿಷಯದ ಅಥವಾ ಬೇರೆ ಭಾಗದ ಪ್ರಶಿಕ್ಷಣಾರ್ಥಿಯನ್ನು ಆರಿಸಿಕೊಳ್ಳುವುದು ಒಳಿತು.