ನಂದವರಂ ಸೀಮೆಯಲ್ಲಿ ಕೊರೊನಾ ಕಲಿಸಿದ ಪಾಠಗಳು

ಕೊರೊನಾ ಕಾಲದಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ ನಂದವರಂ, ಎಮ್ಮಿಗನೂರು ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿದವಳು ನಾನು. ಮೇಲಿನಿಂದ ಬರುತ್ತಿದ್ದ ಸೂಚನೆಗಳು ರೋಗಿಗೊಂದು ಬೇರೆ ಕೋಣೆ, ಬೇರೆ ಶೌಚಾಲಯ ಕೇಳುತ್ತಿದ್ದವು. ನಮ್ಮ ಕಡೆ ಒಂದೇ ಅಂಕಣದಲ್ಲಿ ಅಡುಗೆ, ನಿದ್ದೆ, ಹತ್ತಿಮೂಟೆ ಎಲ್ಲ. ಹಾಗಾಗಿ ಇಲ್ಲಿಯ ಮನೆ, ಇಲ್ಲಿಯ ದುಡಿಮೆ ನೋಡಿಕೊಂಡೇ ಉಪಾಯ ಹುಡುಕಬೇಕಾಯಿತು.

1. ಊರಿಗೆ ಮರಳಿದವರನ್ನು ಬೈಯಬೇಡಿ.
ಆದವಾನಿ, ಕೋಸಿಗಿ, ನಂದವರಂ ಕಡೆಯ ಕೂಲಿಯವರು ವರ್ಷವರ್ಷ ಸುಗ್ಗಿಗೆಂದು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಹಳ ಜನ ಅಲ್ಲೇ ಸಿಕ್ಕಿಬಿದ್ದರು. ಆ ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಗುಂಟೂರೂ ಇತ್ತು, ನಮ್ಮ ಕರ್ನೂಲೂ ಇತ್ತು. ಆದರೂ ಅವರು ಮರಳಿ ಬಂದಾಗ, ರೋಗ ತಂದವರು ಅವರೇ ಎಂದು ಊರು ಮುಖ ತಿರುಗಿಸಿತು. ಬೈಗುಳಕ್ಕೆ ಹೆದರಿದವರು ಜ್ವರ ಮುಚ್ಚಿಟ್ಟರು. ಮುಚ್ಚಿಟ್ಟ ಜ್ವರ ಓಣಿಗೆಲ್ಲ ಹಬ್ಬಿತು.

2. ಬ್ಲೀಚಿಂಗ್ ಚೆಲ್ಲುವುದಕ್ಕಿಂತ ಗಾಳಿ ಮುಖ್ಯ.
ಮೊದಲ ತಿಂಗಳುಗಳಲ್ಲಿ ಬೀದಿಗೆ ಬ್ಲೀಚಿಂಗ್ ಚೆಲ್ಲಿದ್ದೇ ಚೆಲ್ಲಿದ್ದು. ನನ್ನ ಮಟ್ಟಿಗೆ ಅದರಲ್ಲಿ ಅರ್ಧ ಶ್ರಮ ವ್ಯರ್ಥ. ಈ ವೈರಸ್ಸು ಮುಖ್ಯವಾಗಿ ಉಸಿರಿನಿಂದ ಹರಡುತ್ತದೆ. ಮಾತಾಡಿದಾಗ, ಕೆಮ್ಮಿದಾಗ ಹೊರಬಿದ್ದ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ, ಬೀಡಿ ಹೊಗೆಯ ಹಾಗೆ, ಬಹಳ ಹೊತ್ತು ಸುಳಿದಾಡುತ್ತವೆ. ನಮ್ಮ ಮಾಳಿಗೆ ಮನೆಗಳ ಕಿಟಕಿಗಳೋ ಬಿಸಿಲಿಗೆ ಹೆದರಿ ಸಣ್ಣಗಿರುವಂಥವು. ಅದಕ್ಕೇ ಮೊದಲು ಗವಾಕ್ಷಿಯ ಮೇಲಿನ ತಗಡು ಸರಿಸಿ, ಎದುರುಬದುರು ಬಾಗಿಲು ತೆರೆಯಿರಿ ಎನ್ನುತ್ತಿದ್ದೆ. ರೋಗಿಯನ್ನು ಒಳಕೋಣೆಗೆ ತಳ್ಳದೆ ಪಡಸಾಲೆಯಲ್ಲೋ ಮಾಳಿಗೆಯ ಮೇಲೋ ಮಲಗಿಸಬೇಕು. ಊಟ ಕೊಡುವವರಿಗೂ ರೋಗಿಗೂ ಇಬ್ಬರಿಗೂ ಮಾಸ್ಕ್ ಇರಲಿ. ಮೂಗಿನ ಕೆಳಗೆ ಇಳಿದ ಮಾಸ್ಕು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

3. ಉಬ್ಬಸಕ್ಕೆ ಕಾಯಬೇಡಿ.
ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಮನುಷ್ಯ ಆರಾಮಾಗಿ ಚಹಾ ಕುಡಿಯುತ್ತ ಕೂತಿರಬಲ್ಲ. ಈ ರೋಗದ ಮೋಸವೇ ಅದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಹೊರಡಿ. ಕೂತಾಗ ಸರಿಯಿದ್ದರೂ ಆರು ನಿಮಿಷ ನಡೆಸಿ ಮತ್ತೆ ನೋಡಿ. ಉಗುರಿಗೆ ಬಣ್ಣವಿದ್ದರೆ ಬೇರೆ ಬೆರಳು ಹಿಡಿಯಿರಿ.

4. ಮೊದಲ ದಿನವೇ ಸ್ಟೀರಾಯ್ಡ್ ಕೇಳಬೇಡಿ.
ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸಿದ್ದು ನಿಜ. ಆದರೆ 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿದ ಲಾಭ ಆಮ್ಲಜನಕ ಬೇಕಾದವರಿಗೆ ಮಾತ್ರ. ಸಕ್ಕರೆ ಕಾಯಿಲೆಯವರು ಸುಮ್ಮನೆ ನುಂಗಿದರೆ ಸಕ್ಕರೆ ಏರುತ್ತದೆ. ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಕಾಡಿದ್ದೂ ಅಂಥವರನ್ನೇ.

5. ಹೊಳೆಗಿಂತ ಜೀಪು ಅಪಾಯ.
2020ರ ನವೆಂಬರ್ 20ರಿಂದ ತುಂಗಭದ್ರಾ ಪುಷ್ಕರ, ಅಂದರೆ ಹೊಳೆಸ್ನಾನದ ಹಬ್ಬ. ಹೊಳೆಯಲ್ಲಿ ಮುಳುಗಿ ಸ್ನಾನ ಮಾಡಬಾರದೆಂದು ಆಂಧ್ರ ಸರ್ಕಾರ ಕಟ್ಟುಪಾಡು ಹಾಕಿತು. ಗುಂಪು ತಡೆಯಲು ಅದು ಬೇಕಿತ್ತು. ಆದರೆ ಬಯಲಿನ ದಂಡೆಗಿಂತ, ಅಲ್ಲಿಗೆ ಜನರನ್ನು ಒತ್ತಿ ತುಂಬಿಕೊಂಡು ಹೋಗುವ ಜೀಪಿನ ಬಗ್ಗೆ ನನಗೆ ಹೆಚ್ಚು ಚಿಂತೆಯಿತ್ತು. ಜಾತ್ರೆಗೆ ಹೋಗುವವರಿಗೆ ಇಂದಿಗೂ ಅದನ್ನೇ ಹೇಳುತ್ತೇನೆ: ಗಾಡಿಯ ಕಿಟಕಿ ತೆರೆದಿಡಿ.

6. ಲಸಿಕೆಯ ಮಾತು ಮನೆಯ ಹಿರಿಯಳಿಂದ ಬರಲಿ.
2021ರಲ್ಲಿ ಕೋವಿಶೀಲ್ಡ್ ಎರಡನೇ ಡೋಸಿನ ಅಂತರ ಪದೇಪದೇ ಬದಲಾಗಿ, ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ ನಿಂತಿತು. ಜನರ ಅನುಮಾನಕ್ಕೆ ಅಷ್ಟೇ ಸಾಕಾಯಿತು. ತೆಲುಗಿನ ಪೋಸ್ಟರಿಗೆ ಒಲಿಯದ ಕನ್ನಡ ಮಾತಿನ ಮನೆಗಳು, ಸೂಜಿ ಹಾಕಿಸಿಕೊಂಡು ಬಂದ ಅಜ್ಜಿ ಕಟ್ಟೆ ಮೇಲೆ ಕೂತು ಹೇಳಿದಾಗ ಒಪ್ಪಿದವು. ಲಸಿಕೆ ಹಾಕಿಸಿಕೊಂಡರೂ ಸೋಂಕು ತಗಲಬಹುದು. ಆದರೆ ರೋಗ ಉಲ್ಬಣಿಸಿ ಸಾಯುವ ಸಂಭವ ಬಹಳ ಕಡಿಮೆ.

ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ವೈರಸ್ಸು ಹೋಗಿಲ್ಲ. ಮನೆಯಲ್ಲಿ ಸಕ್ಕರೆ, ಬಿಪಿ ಇರುವ ಹಿರಿಯರಿದ್ದರೆ, ಕೆಮ್ಮು ಜ್ವರ ಬಂದ ಮಕ್ಕಳನ್ನು ಅವರ ಪಕ್ಕದಲ್ಲಿ ಮಲಗಿಸಬೇಡಿ.