ಕಾನೂನು ಕೇಳಿದ ತಲೆ, ಕೇಳದ ತಲೆ

ಮಗು, ಹೋದ ವಾರ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು 500 ರೂಪಾಯಿ ದಂಡ ಕಟ್ಟಿ ಬಂದೆಯಲ್ಲ, ಅವತ್ತು ಊಟಕ್ಕೆ ಕೂತಾಗ ನೀನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. “ತಲೆ ನಂದು, ಬಿದ್ರೆ ಒಡೆಯೋದೂ ನಂದೇ. ಮಧ್ಯದಲ್ಲಿ ಸರ್ಕಾರಕ್ಕೇನು ಕೆಲಸ ತಾತ?” ಎಂದೆ. ನಿಮ್ಮಮ್ಮ ರೇಗಿದಳು. ನಾನು ಮಜ್ಜಿಗೆ ಅನ್ನ ಕಲಸಿಕೊಂಡು ಸುಮ್ಮನೆ ಉಂಡೆ. ತಾತ ನನ್ನ ಕಡೆ ಅಂದುಕೊಂಡಿರುತ್ತೀಯ. ನೀನು ಆಡಿದ್ದು ನನ್ನದೇ ಹಳೆಯ ಮಾತು ಕಣೋ. ಅದನ್ನು ಮೊಮ್ಮಗನ ಬಾಯಲ್ಲಿ ಕೇಳಿ ನಾಚಿಕೆಯಾಯಿತು, ಅದಕ್ಕೆ ಬಾಯಿ ಬರಲಿಲ್ಲ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ನಾನು ಫಿಟ್ಟರ್ ಆಗಿ ಸೇರಿದಾಗ ಟ್ಯಾಂಕಿನ ಮೇಲೆ ಜಾವಾ ಹೆಸರು ಹೋಗಿ ಯೆಜ್ಡಿ ಬಂದ ಹೊಸತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ಅಲ್ಲೇ ಇದ್ದೆ. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರೇ ಗೇರ್ ಲಿವರೂ ಆಗುವ ಆ ಗಾಡಿಯಲ್ಲಿ ಬರಿತಲೆಯಲ್ಲಿ ಚಾಮುಂಡಿ ಬೆಟ್ಟ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಹೆಲ್ಮೆಟ್ ಅಂತ ನಾವು ನೋಡುತ್ತಿದ್ದದ್ದು ರೇಸಿನವರ ತಲೆಯ ಮೇಲೆ ಮಾತ್ರ. ಆಮೇಲೆ ಸ್ವಂತ ಗ್ಯಾರೇಜು ಹಾಕಿದೆ. ಹೆಲ್ಮೆಟ್ ಕಡ್ಡಾಯದ ಸುದ್ದಿ ಬಂದಾಗಲೆಲ್ಲ ಸ್ಟೂಲಿನ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದವನು ನಾನೇ. ಸೆಕೆ, ಕುತ್ತಿಗೆ ನೋವು, ಕೂದಲು ಉದುರುತ್ತದೆ, ಇವು ಎಲ್ಲರೂ ಹೇಳುವ ಕಾರಣಗಳು. ನನ್ನದು ಮೆಕ್ಯಾನಿಕ್ಕನ ಕಾರಣ. ಕಿವಿ ಮುಚ್ಚಿಕೊಂಡರೆ ಇಂಜಿನ್ ಏನು ಹೇಳುತ್ತಿದೆ ಅಂತ ತಿಳಿಯುವುದು ಹೇಗೆ? ಚೈನು ಸಡಿಲವಾದದ್ದು, ಬೇರಿಂಗ್ ಹೋದದ್ದು, ಎಲ್ಲ ನನಗೆ ಕಿವಿಯಿಂದಲೇ ಗೊತ್ತಾಗಬೇಕು. ಕೊನೆಗೆ ಪೊಲೀಸರಿಗೆ ಹೆದರಿ ಹಾಕಿಕೊಂಡೆ. ಸರ್ಕಲ್ ದಾಟಿದ ಮೇಲೆ ತೆಗೆದು ಮೊಣಕೈಗೆ ನೇತುಹಾಕುತ್ತಿದ್ದ ದಿನಗಳೂ ಉಂಟು.

ಇನ್ನು ನಿನ್ನಜ್ಜಿಯ ವಿಷಯ. ಅವಳಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ನಿಮಗೆಲ್ಲ ಒಂದು ತಮಾಷೆ. ಒಗ್ಗರಣೆ ಸೀದು ಕರಕಲಾದರೂ ಒಲೆಯ ಮುಂದೆಯೇ ನಿಂತಿರುತ್ತಾಳೆ. “ಅಜ್ಜೀ, ಗ್ಯಾಸು!” ಎಂದು ನೀನೇ ಎಷ್ಟು ಸಲ ಓಡಿಬಂದಿಲ್ಲ? ವಯಸ್ಸಾಯಿತು, ಅದಕ್ಕೇ ಅಂದುಕೊಂಡಿದ್ದೀರಿ. ನಾವೂ ತಿದ್ದಲಿಲ್ಲ.

2014ರಲ್ಲಿ ಒಂದು ಗೃಹಪ್ರವೇಶ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದೆವು. ಅವಳು ರೇಷ್ಮೆ ಸೀರೆ ಉಟ್ಟು, ತಾಂಬೂಲದ ಚೀಲ ಹಿಡಿದು, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದಳು. ಬಡಾವಣೆಯ ಒಳರಸ್ತೆ, ವೇಗ 25 ಇದ್ದಿರಬಹುದು. ಬಣ್ಣ ಬಳಿಯದ ಒಂದು ಹಂಪು, ಅದರಾಚೆಗೆ ಚೆಲ್ಲಿದ ಜಲ್ಲಿಪುಡಿ. ಹಂಪು ಹಾರಿತು, ಮುಂದಿನ ಚಕ್ರ ಜಾರಿತು, ಇಬ್ಬರೂ ಬಿದ್ದೆವು. ನನ್ನ ತಲೆಯೂ ನೆಲಕ್ಕೆ ಬಡಿಯಿತು, ಅವಳದೂ ಬಡಿಯಿತು. ಮನೆಗೆ ಬಂದು ನೋಡಿದರೆ ನನ್ನ ಹೆಲ್ಮೆಟ್ಟಿನ ಎಡಗಡೆ ಬಿರುಕು ಬಿಟ್ಟಿತ್ತು. ನನಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಇಲ್ಲ. ಅವಳಿಗೆ ಹಿಂದಲೆಗೆ ಪೆಟ್ಟು. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಾಣಲಿಲ್ಲ, ಮೂರನೇ ದಿನ ಮನೆಗೆ ಕಳಿಸಿದರು. ದೇವರು ದೊಡ್ಡವನು ಎಂದು ಎಲ್ಲರೂ ಹೇಳಿದರು.

ವಾರ ಕಳೆದ ಮೇಲೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, “ಇದೇನ್ರೀ, ಕಾಫಿಪುಡಿ ಬದಲಾಯಿಸಿದ್ರಾ? ಬಿಸಿನೀರು ಕುಡಿದ ಹಾಗಿದೆ” ಎಂದಳು. ಪುಡಿ ಅದೇ ಅಂಗಡಿಯದು. ಆಮೇಲೆ ಗೊತ್ತಾಯಿತು, ಹೂವೂ ಇಲ್ಲ, ಕರ್ಪೂರವೂ ಇಲ್ಲ, ಮಳೆ ಬಿದ್ದ ಮಣ್ಣೂ ಇಲ್ಲ. ಡಾಕ್ಟರು ಚಿತ್ರ ಬರೆದು ತೋರಿಸಿದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ಒಂದು ಎಲುಬು ಇದೆಯಂತೆ. ವಾಸನೆ ಒಯ್ಯುವ ನರದ ಎಳೆಗಳು ಕೂದಲಿಗಿಂತ ಸಣ್ಣಗೆ ಅದರ ತೂತುಗಳಲ್ಲಿ ಹಾದು ಮಿದುಳಿಗೆ ಹೋಗುತ್ತವೆ. ಹಿಂದಲೆ ನೆಲಕ್ಕೆ ಬಡಿದಾಗ ತಲೆಬುರುಡೆ ನಿಂತುಬಿಡುತ್ತದೆ, ಒಳಗಿನ ಮಿದುಳು ಒಮ್ಮೆ ಜೋಲಿ ಹೊಡೆಯುತ್ತದೆ, ಆ ಎಳೆಗಳು ಹರಿದುಹೋಗುತ್ತವೆ. ಕೆಲವರಿಗೆ ವಾಸನೆ ಮರಳುತ್ತದೆ, ಕೆಲವರಿಗೆ ಇಲ್ಲ. ನಿನ್ನಜ್ಜಿಗೆ ಮರಳಲಿಲ್ಲ.

ನಿನಗೆ ಇಷ್ಟು ವರ್ಷ ಹೇಳದೆ ಇದ್ದ ಸಂಗತಿ ಇನ್ನೊಂದಿದೆ. ನಾವು ಬೀಳುವುದಕ್ಕೆ ಎರಡು ವರ್ಷ ಮುಂಚೆ ನಾನು ಹೆಲ್ಮೆಟ್ ಕೊಳ್ಳುವಾಗ ಅವಳು ಪಕ್ಕದಲ್ಲೇ ನಿಂತು, “ನಂಗೂ ಒಂದು ತಗೋಬಾರ್ದಾ?” ಎಂದು ಕೇಳಿದ್ದಳು. ನಾನು ನಕ್ಕು, “ಮಲ್ಲಿಗೆ ದಂಡೆ ಎಲ್ಲಿಗೆ ಮುಡೀತೀಯ ಹಾಗಾದ್ರೆ?” ಎಂದೆ. ಅಂಗಡಿಯವನೂ ನಕ್ಕ. ಅವಳು ಮತ್ತೆ ಕೇಳಲಿಲ್ಲ.

ಆವತ್ತು ನಮ್ಮೂರಿನಲ್ಲಿ ಪೊಲೀಸರು ಓಡಿಸುವವನ ತಲೆ ನೋಡುತ್ತಿದ್ದರು, ಹಿಂದೆ ಕೂತವರ ತಲೆ ನೋಡುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಇಬ್ಬರಿಗೂ ಹೇಳಿತ್ತು. ಆದರೆ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೆ ಕಡ್ಡಾಯ ಎಂದು ಹಿಡಿದು ಕೇಳಲು ಶುರುಮಾಡಿದ್ದು 2016ರ ಜನವರಿಯಲ್ಲಿ. ಈಗ ಲೆಕ್ಕ ಹಾಕು. ಒಂದೇ ಸ್ಕೂಟರು, ಒಂದೇ ಹಂಪು. ಕಾನೂನು ಕೇಳಿದ ತಲೆ ಉಳಿಯಿತು, ಕೇಳದ ತಲೆಗೆ ಏಟು ಬಿತ್ತು. ಹೆಂಡತಿ ಕೇಳಿದಾಗ ನಾನು ನಕ್ಕೆ. ಕಾನ್‌ಸ್ಟೇಬಲ್ ಕೇಳಿದ್ದರೆ ನಗುತ್ತಿದ್ದೆನೇ? ಮನೆಯಲ್ಲಿ ಕೇಳಿ ಕೇಳಿ ಸುಮ್ಮನಾಗುವವರ ಪರವಾಗಿ ರಸ್ತೆಯಲ್ಲಿ ಒಬ್ಬ ಕೇಳಲಿ ಎಂದೇ ಈ ಕಾಯ್ದೆ ಇರುವುದು ಅಂತ ನನಗೆ ಅವತ್ತಿನಿಂದ ಅನ್ನಿಸಿದೆ. “ತಲೆ ನಂದು” ಅಂದೆಯಲ್ಲ, ನಿನ್ನ ಗಾಡಿಗೆ ಎರಡು ಸೀಟಿದೆ ಮಗು.

ನಿನ್ನ ವಾದ ಕೋರ್ಟಿಗೂ ಹೋಗಿ ಬಂದಿದೆ. ಹೈದರಾಬಾದಿನ ಹೆಲ್ಮೆಟ್ ನಿಯಮ ನನ್ನ ಓಡಾಟದ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಒಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 1988ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಜೀವ ಉಳಿಸಲು ಮಾಡಿದ ನಿಯಮ ಓಡಾಟ ತಡೆದಂತಾಗುವುದಿಲ್ಲ ಎಂಬುದು ಅದರ ತಾತ್ಪರ್ಯ.

ಗಾಡಿ ಹುಚ್ಚಿರುವ ನಿನಗೆ ಬ್ರಫ್ ಸುಪೀರಿಯರ್ ಹೆಸರು ಗೊತ್ತಿರಬೇಕು. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಆ ಬೈಕಿನಲ್ಲಿ ಹೋಗುವಾಗ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೂ ಇದ್ದ. ಅವನು ಸುಮ್ಮನೆ ಕೂರಲಿಲ್ಲ. ಬೈಕಿನವರ ತಲೆಪೆಟ್ಟುಗಳನ್ನೇ ಹಿಡಿದು ಅಭ್ಯಾಸ ಮಾಡಿ, 1941ರಲ್ಲಿ ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು ಬರೆದ. ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಅದೇ ವರ್ಷ ಕಡ್ಡಾಯ ಮಾಡಿತು. ಅಲ್ಲಿನ ಸಾಮಾನ್ಯ ಜನಕ್ಕೆ ಕಡ್ಡಾಯವಾದದ್ದು 1973ರಲ್ಲಿ. ನೋಡು, ಗೊತ್ತಿದ್ದದ್ದನ್ನು ಒಪ್ಪಿಕೊಳ್ಳುವುದಕ್ಕೆ ಬ್ರಿಟನ್ನಿಗೂ ಮೂವತ್ತೆರಡು ವರ್ಷ ಹಿಡಿಯಿತು. ನಾನೊಬ್ಬನೇ ಮೊಂಡ ಅಲ್ಲ ಎಂಬ ಸಮಾಧಾನ.

ನಮ್ಮವರದೇ ಬೇಕೆಂದರೆ ಸಂಚಾರಿ ವಿಜಯ್ ಇದ್ದಾರೆ, ರಾಷ್ಟ್ರಪ್ರಶಸ್ತಿ ಪಡೆದ ನಟ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಸ್ನೇಹಿತನ ಬೈಕಿನ ಹಿಂದೆ ಕೂತಿದ್ದಾಗ ಬಿದ್ದು ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಅವರು ಉಳಿಯಲಿಲ್ಲ, ಮನೆಯವರು ಅಂಗಾಂಗ ದಾನ ಮಾಡಿದರು. ಕೇಂದ್ರದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು.

ಇನ್ನು ಮೆಕ್ಯಾನಿಕ್ಕನಾಗಿ ನಾಲ್ಕು ಮಾತು. ನಿನ್ನ ಗಾಡಿಯ ಶಾಕ್ ಅಬ್ಸಾರ್ಬರ್ ಸಾವಿರ ಸಲ ಕುಗ್ಗಿ ಎದ್ದೇಳುತ್ತದೆ. ಹೆಲ್ಮೆಟ್ಟೂ ಶಾಕ್ ಅಬ್ಸಾರ್ಬರೇ, ಆದರೆ ಒಂದೇ ಸಲಕ್ಕೆ. ಹೊರಗಿನ ಗಟ್ಟಿ ಚಿಪ್ಪು ಏಟನ್ನು ಹರಡುತ್ತದೆ, ಒಳಗಿನ ಥರ್ಮಾಕೋಲು ಜಜ್ಜಿಹೋಗಿ ಅದನ್ನು ನುಂಗುತ್ತದೆ. ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಒಮ್ಮೆ ಬಿದ್ದ ಹೆಲ್ಮೆಟ್ಟನ್ನು ಬಿರುಕು ಕಾಣದಿದ್ದರೂ ಎಸೆಯಬೇಕು. ಬಡಾವಣೆಯೊಳಗೆ ನಿಧಾನವಾಗಿ ಹೋಗುತ್ತೇನೆ, ಬೇಡ ಎನ್ನುತ್ತೀಯಲ್ಲ, ಸೀಟಿನ ಮೇಲೆ ಕೂತಾಗ ನಿನ್ನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 19 ಕಿಲೋಮೀಟರ್ ವೇಗ ಪಡೆದಿರುತ್ತದೆ. ಗಾಡಿ ನಿಂತಿದ್ದರೂ ಅಷ್ಟೇ.

ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಕೊಬ್ಬರಿ ಚಿಪ್ಪಿನಂಥ ಹಾಫ್ ಹೆಲ್ಮೆಟ್ಟು ಪೊಲೀಸರ ಕಣ್ಣಿಗೆ ಮಾತ್ರ. ಒಳಗೆ ಬೆರಳಿಟ್ಟು ಒತ್ತಿ ನೋಡು, ಬಟ್ಟೆಯ ಹಿಂದೆ ಬರೀ ಪ್ಲಾಸ್ಟಿಕ್ಕು. ಐಎಸ್ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. 2021ರ ಜೂನಿನಿಂದ ಆ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ, ಆದರೂ ಮಾರುತ್ತಾರೆ. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ಟು ನಿನಗಿಂತ ಮುಂಚೆ ರಸ್ತೆಗೆ ಹಾರುತ್ತದೆ, ಅದಕ್ಕೆ ಕೊಟ್ಟ ದುಡ್ಡು ದಂಡ.

ಜಾಕೆಟ್ಟು, ಗ್ಲೌಸು, ಮಂಡಿಗಾಪು ಇವನ್ನೂ ಕಡ್ಡಾಯ ಮಾಡಬೇಕೇ ಎಂದರೆ ನಾನು ಬೇಡ ಎನ್ನುವವನು. ಏಪ್ರಿಲ್ ಬಿಸಿಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಓಡುವ ರೈತನಿಗೆ ಚರ್ಮದ ಕೋಟು ಹಾಕು ಅಂದರೆ ಅವನು ನಗುತ್ತಾನೆ, ಆ ನಗುವಿಗೆ ಅರ್ಥವಿದೆ. ಅಂಗೈ ತರಚಿದರೆ ಚರ್ಮ ಮತ್ತೆ ಬರುತ್ತದೆ. ಮಿದುಳಿಗೆ ಆ ಗುಣ ಇಲ್ಲ. ಕಾಯ್ದೆ ತಲೆಗಷ್ಟೇ ಕೈಹಾಕಿದ್ದು ಸರಿ. ಆದರೆ ನೀನು ವಾರಕ್ಕೊಮ್ಮೆ ಬೆಂಗಳೂರು ರಸ್ತೆ ಹತ್ತುವವನು. ಚಪ್ಪಲಿಯಲ್ಲಿ ಹತ್ತಬೇಡ, ಶೂ ಹಾಕು, ಗ್ಲೌಸು ಕೊಳ್ಳು. ಬೀಳುವಾಗ ಮೊದಲು ನೆಲ ಹಿಡಿಯುವುದು ಕೈ.

ಹಾಗೆಯೇ, ಅಂದ ಕೆಡುತ್ತದೆ ಎಂದು ಹೊಸ ಗಾಡಿಯ ಸೀರೆ ಗಾರ್ಡ್ ಬಿಚ್ಚಿಸಿದೆಯಂತೆ. ಹಿಂದಿನ ಚಕ್ರಕ್ಕೆ ಆ ಕವಚ ಇರಲೇಬೇಕು ಎಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಕಾಲೇಜು ಹುಡುಗರು ಕೇಳಿದರು ಅಂತ ನನ್ನ ಕೈಯಾರೆ ನಾನೂ ಹತ್ತಾರು ಬಿಚ್ಚಿದ್ದೇನೆ, ಪ್ರತಿಯೊಂದಕ್ಕೂ ಕೂಲಿ ತೆಗೆದುಕೊಂಡು. ನಿನ್ನದನ್ನು ನಾನೇ ಮತ್ತೆ ಕಟ್ಟಿಕೊಡುತ್ತೇನೆ, ಕೂಲಿ ಬೇಡ. ಅಕ್ಕನ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸುತ್ತಿಸುವುದನ್ನೂ ಬಿಡು. ನಾಲ್ಕು ವರ್ಷ ದಾಟದ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಸೇರಿಸಿ ಕಟ್ಟುವ ಬೆಲ್ಟು ಇರಬೇಕು, ವೇಗ 40 ದಾಟಬಾರದು ಎಂದು ಈಗ ನಿಯಮವೇ ಇದೆ.

ಇಂಜಿನ್ ಸದ್ದಿನ ವಿಷಯ ಮರೆತೆ. ಹೆಲ್ಮೆಟ್ ಹಾಕಿಕೊಂಡರೂ ಕೇಳಿಸುತ್ತದೆ. ಗಾಳಿಯ ಭೋರು ಕಡಿಮೆಯಾಗಿ ಕೆಲವು ಸಲ ಚೆನ್ನಾಗಿಯೇ ಕೇಳಿಸುತ್ತದೆ. ಹಾಕಿಕೊಂಡು ನೋಡದೆಯೇ ನಾನು ಅಷ್ಟು ವರ್ಷ ಭಾಷಣ ಮಾಡಿದ್ದೆ.

ಅಜ್ಜಿಯ ಹೆಲ್ಮೆಟ್ಟು 2016ರದ್ದು, ಒಳಗಿನ ಸ್ಪಂಜು ಪುಡಿಯಾಗಿದೆ, ಬಕಲ್ ಹಿಡಿಯುತ್ತಿಲ್ಲ. ಬರುವ ಭಾನುವಾರ ಬಿಡುವು ಮಾಡಿಕೊಂಡು ಬಾ. ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ತಲೆಯ ಅಳತೆ ನೋಡಿ, ಅವಳಿಗೆ ಬೇಕಾದ ಬಣ್ಣದ್ದು ಕೊಡಿಸು. ದುಡ್ಡು ನಾನು ಕೊಡುತ್ತೇನೆ. ಹೋಗುವಾಗ ನನ್ನದನ್ನು ಅವಳ ತಲೆಗೆ ಹಾಕಿ, ಪಟ್ಟಿ ನೀನೇ ಬಿಗಿ.