ಎಂಟನೆಯ ದಿನದ ಊಟ

ಗಂಡುಮಗು ಹುಟ್ಟಿದ ಯೆಹೂದಿ ಮನೆಯಲ್ಲಿ ಊಟದ ಪಟ್ಟಿ ಬರೆಯುವ ಮೊದಲು ಎಲ್ಲರೂ ನೋಡುವುದು ಕ್ಯಾಲೆಂಡರನ್ನು. ಮಗುವಿನ ಸುನ್ನತಿ, ಅವರ ಮಾತಿನಲ್ಲಿ ಬ್ರಿತ್ ಮಿಲಾ, ಎಂಟನೆಯ ದಿನ ಹಗಲು ಹೊತ್ತಿನಲ್ಲೇ ನಡೆಯಬೇಕು. ಹುಟ್ಟಿದ ದಿನವೂ ಆ ಎಂಟರಲ್ಲಿ ಸೇರುತ್ತದೆ. ಅವರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಸೋಮವಾರ ಮಧ್ಯಾಹ್ನ ಹುಟ್ಟಿದ ಮಗುವಿಗೆ ಮುಂದಿನ ಸೋಮವಾರ, ಸೋಮವಾರ ರಾತ್ರಿ ಹುಟ್ಟಿದ ಮಗುವಿಗೆ ಮುಂದಿನ ಮಂಗಳವಾರ. ಆ ದಿನ ಶನಿವಾರದ ಸಬ್ಬತ್ ಆಗಿಬಿಟ್ಟರೆ ಒಲೆ ಹಚ್ಚುವಂತಿಲ್ಲ; ಶುಕ್ರವಾರ ಸಂಜೆಯೊಳಗೆ ಅಡುಗೆ ಮುಗಿದಿರಬೇಕು. ಪೆಸಾಖ್ ಹಬ್ಬದ ನಡುವೆ ಬಂದರೆ ಬ್ರೆಡ್ಡಿನ ಮಾತೇ ಇಲ್ಲ. ಯೋಮ್ ಕಿಪ್ಪೂರ್ ಉಪವಾಸದ ದಿನ ಬಂದರೆ ಸುನ್ನತಿ ಹಗಲಿನಲ್ಲಿ, ಊಟ ಉಪವಾಸ ಮುಗಿದ ರಾತ್ರಿ. ಯಾರಿಗೆ ಏನು ಇಷ್ಟ ಎಂಬ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ.

ಇಸ್ರೇಲಿನ ಅಶ್ದೋದ್‌ನಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಂಗಳೂರು, ಉಡುಪಿ ಕಡೆಯಿಂದ ಇದೇ ಕೆಲಸಕ್ಕೆ ಬಂದವರು ಈ ದೇಶದಲ್ಲಿ ಬಹಳ ಮಂದಿ ಇದ್ದೇವೆ. ಅಜ್ಜಿಯ ಹಿರಿಯರು ಅಲಿಬಾಗ್ ಸುತ್ತಿನ ಕೊಂಕಣದವರು, ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಈ ಜನರನ್ನು ಸುತ್ತಲ ಊರವರು ‘ಶನಿವಾರ ತೇಲಿ’ ಎಂದೇ ಕರೆಯುತ್ತಿದ್ದರು. 1948ರಲ್ಲಿ ಇಸ್ರೇಲ್ ದೇಶವಾದ ಮೇಲೆ ಸಾವಿರಾರು ಮಂದಿ ಇಲ್ಲಿಗೆ ಬಂದು ಅಶ್ದೋದ್, ಲೋದ್, ಬೇರ್‌ಶೇವಾ, ದಿಮೋನಾಗಳಲ್ಲಿ ನೆಲೆಸಿದರು. ಅಜ್ಜಿ ಇವತ್ತಿಗೂ ಮನೆಯೊಳಗೆ ಮರಾಠಿ ಆಡುತ್ತಾರೆ, ನಾನು ಕೊಂಕಣಿಯಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಎಲ್ಲವೂ ತಿಳಿಯುತ್ತದೆ. ಅವರ ಮೊಮ್ಮಗನಿಗೆ ಗಂಡುಮಗು ಹುಟ್ಟಿತು. ಅವನ ಹೆಂಡತಿಯ ಕಡೆಯವರು ಪೋಲೆಂಡ್ ಮೂಲದ ಅಶ್ಕೆನಾಜಿ ಯೆಹೂದಿಗಳು. ಊಟಕ್ಕೆ ಏನು ಮಾಡುವುದೆಂಬ ಮಾತು ಹೆರಿಗೆ ವಾರ್ಡಿನಲ್ಲೇ ಎದ್ದಿತು.

ಸುನ್ನತಿಯ ಊಟ ಬಂದವರಿಗೆ ಉಪಚಾರ ಮಾತ್ರ ಅಲ್ಲ, ವಿಧಿಯ ಒಂದು ಅಂಗ. ಕೈ ತೊಳೆದು, ಬ್ರೆಡ್ ಮುರಿದು ಆರಂಭಿಸಬೇಕು. ಊಟದ ಕೊನೆಯ ಪ್ರಾರ್ಥನೆಯಲ್ಲಿ ತಂದೆತಾಯಿಗೆ, ಮಗುವಿಗೆ, ಸುನ್ನತಿ ಮಾಡಿದ ಮೊಹೆಲ್‌ಗೆ, ಮಗುವನ್ನು ತೊಡೆಯ ಮೇಲೆ ಹಿಡಿದ ಸಂದಕ್‌ಗೆ ಬೇರೆಬೇರೆ ಹರಕೆಗಳಿವೆ. ಬ್ರೆಡ್ ಇಲ್ಲದೆ ಬರೀ ಕೇಕು, ಹಣ್ಣು ಇಟ್ಟರೆ ಆ ಪ್ರಾರ್ಥನೆಗೆ ಎಡೆಯೇ ಇರುವುದಿಲ್ಲ. ಆದ್ದರಿಂದ ಪೆಸಾಖ್ ಒಂದನ್ನು ಬಿಟ್ಟರೆ ಪಟ್ಟಿಯ ಮೊದಲ ಸಾಲು ಯಾವಾಗಲೂ ಬ್ರೆಡ್ಡು.

ಎಷ್ಟು ಜನ ಬರುತ್ತಾರೆ ಎಂದು ಹೇಳುವುದು ಮಾತ್ರ ಕಷ್ಟ. ಸುನ್ನತಿಯಂಥ ವಿಧಿಯ ಊಟವನ್ನು ಬಿಟ್ಟು ಹೋಗುವುದನ್ನು ಯೆಹೂದಿ ಶಾಸ್ತ್ರಗ್ರಂಥವಾದ ತಾಲ್ಮುದ್ ದೊಡ್ಡ ದೋಷವಾಗಿ ಎಣಿಸುತ್ತದೆ. ಕರೆದರೆ ಬರಲಾಗದವರಿಗೆ ಆ ದೋಷ ತಟ್ಟೀತೆಂಬ ಕಾಳಜಿಯಿಂದ ಸಂಪ್ರದಾಯಸ್ಥರು ‘ಬನ್ನಿ’ ಎನ್ನುವುದಿಲ್ಲ. ಇಂಥ ಜಾಗದಲ್ಲಿ ಇಷ್ಟು ಹೊತ್ತಿಗೆ ನಡೆಯುತ್ತದೆ ಎಂದಷ್ಟೇ ತಿಳಿಸುತ್ತಾರೆ. ತಲೆ ಎಣಿಸಿ ತುಂಡು ಹಾಕುವ ಅಡುಗೆ ಇಂಥಲ್ಲಿ ಹೊಂದುವುದಿಲ್ಲ. ಹುಮ್ಮುಸ್, ಬದನೆಕಾಯಿ ಸಲಾಡು, ಅನ್ನ, ಬೇಯಿಸಿದ ಮೊಟ್ಟೆಯಂಥವನ್ನು ಧಾರಾಳವಾಗಿ ಇಟ್ಟರೆ ಐವತ್ತು ಮಂದಿ ಎಂಬತ್ತಾದರೂ ಗಾಬರಿಯಿಲ್ಲ.

ನಿಜವಾದ ಚರ್ಚೆ ನಡೆದದ್ದು ಹಾಲು, ಮಾಂಸಗಳ ಬಗ್ಗೆ. ಯೆಹೂದಿಗಳ ಆಹಾರ ಕಟ್ಟಳೆಯಾದ ಕೋಷರ್ ನಿಯಮದಲ್ಲಿ ಎರಡೂ ಒಂದೇ ಊಟದಲ್ಲಿ ಕೂಡುವಂತಿಲ್ಲ. ಅಷ್ಟೇ ಅಲ್ಲ, ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಬಹಳಷ್ಟು ಮನೆಗಳಲ್ಲಿ ಆರು ಗಂಟೆ ಕಾಯುತ್ತಾರೆ. ಜರ್ಮನಿ ಮೂಲದವರಲ್ಲಿ ಮೂರು ಗಂಟೆಯ ರೂಢಿ. ಬೆಳಿಗ್ಗೆ ಹತ್ತಕ್ಕೆ ಕೋಳಿ ಬಡಿಸಿದರೆ ಬಂದವರಿಗೆ ಸಂಜೆಯವರೆಗೆ ಹಾಲಿನ ಕಾಫಿಯೂ ಇಲ್ಲ. ಒಳ್ಳೆಯ ಕೆಲಸಕ್ಕೆ ತಡಮಾಡಬಾರದೆಂದು ಸುನ್ನತಿಯನ್ನು ಮುಂಜಾನೆಯ ಪ್ರಾರ್ಥನೆಯ ಬೆನ್ನಿಗೇ ಮಾಡುವವರು ಹೆಚ್ಚು. ಆಗ ಹಾಲಿನ ಊಟವೇ ಸಲೀಸು. ನ್ಯೂಯಾರ್ಕಿನ ಯೆಹೂದಿಗಳು ಬೇಗಲ್, ಕ್ರೀಮ್ ಚೀಸ್, ಹೊಗೆ ಹಾಕಿದ ಸಾಲ್ಮನ್ ಮೀನು ಇಡುವುದು ಇದೇ ಕಾರಣಕ್ಕೆ. ಇಸ್ರೇಲಿನಲ್ಲಿ ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದು ಸೂರ್ಯ ಮುಳುಗುವ ಮುಂಚಿನ ಹೊತ್ತು ಗೊತ್ತುಮಾಡಿ, ಹಾಲ್ ಹಿಡಿದು, ಮದುವೆಯಂತೆ ಮಾಂಸದೂಟ ಹಾಕಿಸುವವರೂ ಬೇಕಾದಷ್ಟು ಮಂದಿ.

ಮನೆಯ ಹಿರಿಯರೊಬ್ಬರು ಮಾಂಸವಿಲ್ಲದೆ ಹಬ್ಬದೂಟ ಹೇಗಾಗುತ್ತದೆ ಎಂದು ಪಟ್ಟು ಹಿಡಿದರು. ಅವರ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ. ಯೆಹೂದಿಗಳ ಪುರಾತನ ದೇವಾಲಯ ನಾಶವಾದ ಶೋಕದಲ್ಲಿ ಆವ್ ತಿಂಗಳ ಮೊದಲ ಒಂಬತ್ತು ದಿನ ಅಶ್ಕೆನಾಜಿಗಳು ಮಾಂಸ ಬಿಡುತ್ತಾರೆ. ಆಗಲೂ ಸುನ್ನತಿಯ ಊಟಕ್ಕೆ ಬಂದವರು ಮಾಂಸ ತಿನ್ನಬಹುದೆಂದು 16ನೆಯ ಶತಮಾನದಲ್ಲಿ ಕ್ರಾಕೋವಿನ ರಬ್ಬಿ ಮೋಶೆ ಇಸ್ಸೆರ್ಲೆಸ್ ಬರೆದಿಟ್ಟಿದ್ದಾರೆ. ಇತ್ತ ಮೊಮ್ಮಗನ ಹೆಂಡತಿಯ ತಾಯಿಗೆ ಚೀಸ್ ಕೇಕ್ ಇರಲೇಬೇಕು. ಅವರದು ಸಾಲ್ಮನ್, ಚೀಸಿನ ಬೆಳಗಿನ ಊಟ. ಆದರೆ ಸೆಫಾರ್ದಿ ಎಂಬ ಇನ್ನೊಂದು ಯೆಹೂದಿ ಪದ್ಧತಿ ಪಾಲಿಸುವ ಹಲವರು ಮೀನನ್ನೂ ಹಾಲಿನೊಂದಿಗೆ ತಿನ್ನುವುದಿಲ್ಲ, ಬೆನೆ ಇಸ್ರೇಲರು ಹೆಚ್ಚಾಗಿ ಆ ಪದ್ಧತಿಯವರು. ಒಬ್ಬರಿಗೆ ಹಬ್ಬವೆನಿಸುವ ತಟ್ಟೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ದಾರಿ ತೋರಿಸಿದವರು ಅಜ್ಜಿ. “ಎಲ್ಲವೂ ಪಾರ್ವೆ ಇರಲಿ,” ಎಂದರು. ಹಾಲೂ ಅಲ್ಲದ, ಮಾಂಸವೂ ಅಲ್ಲದ ತಿನಿಸುಗಳಿಗೆ ಪಾರ್ವೆ ಎನ್ನುತ್ತಾರೆ: ಮೀನು, ಮೊಟ್ಟೆ, ಧಾನ್ಯ, ತರಕಾರಿ, ಹಣ್ಣು, ತೆಂಗಿನಕಾಯಿ. ರೆಕ್ಕೆ ಮತ್ತು ಹುರುಪೆ ಇರುವ ಮೀನಷ್ಟೇ ಕೋಷರ್. ನಮ್ಮ ಬಂಗುಡೆ, ಬೂತಾಯಿ ನಡೆಯುತ್ತವೆ. ಸಿಗಡಿ, ಏಡಿ, ಬೊಂಡಾಸ್ ನಡೆಯುವುದಿಲ್ಲ. ಊಟ ಪೂರ್ತಿ ಪಾರ್ವೆಯಾದ್ದರಿಂದ ಕೊನೆಯಲ್ಲಿ ಬೇರೆ ಮೇಜಿನ ಮೇಲೆ ಹಾಲಿನ ಕಾಫಿಗೂ ಚೀಸ್ ಕೇಕಿಗೂ ಜಾಗ ಸಿಕ್ಕಿತು. ಪಟ್ಟು ಹಿಡಿದಿದ್ದ ಹಿರಿಯರು ತೆಂಗಿನಹಾಲಿನ ಮೀನುಸಾರಿಗೆ ಎರಡನೆಯ ಸಲ ತಟ್ಟೆ ಚಾಚಿದರು. ಬೆಳಗಿನ ಸುನ್ನತಿಗೆ, ಅದರಲ್ಲೂ ಎರಡು ಪದ್ಧತಿಯ ಬೀಗರು ಕೂಡುವಲ್ಲಿ, ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ನೋಡಿಲ್ಲ.

ತೆಂಗಿನಹಾಲು ಬೆನೆ ಇಸ್ರೇಲ್ ಅಡುಗೆಯ ಜೀವಾಳ. ಮಾಂಸದ ಸಾರಿಗೆ ಮೊಸರು, ಕೆನೆ ಹಾಕುವಂತಿಲ್ಲದ ಕಡೆ ಕೊಂಕಣದ ತೆಂಗು ಅವರ ಕೈಹಿಡಿಯಿತು. ನೋಡುವವರಿಗೆ ಅದು ಹಸುವಿನ ಹಾಲೆಂದು ತೋರಬಾರದಲ್ಲ? ಬಾದಾಮಿ ಹಾಲು ಹಾಕಿದ ಮಾಂಸದ ಪಕ್ಕ ಗುರುತಿಗೆ ಬಾದಾಮಿ ಇಡಬೇಕೆಂದು ಅದೇ ಇಸ್ಸೆರ್ಲೆಸ್ ಹೇಳಿದ್ದಾರೆ. ಅಜ್ಜಿ ಸಾರಿನ ಪಾತ್ರೆಯ ಅಂಚಿಗೆ ಕಾಯಿಯ ಒಂದೆರಡು ಹೋಳು ಒರಗಿಸಿಡುತ್ತಾರೆ. ಮೀನಿಗೆ ಅದು ಬೇಕಾಗಿಲ್ಲ, ಆದರೂ ಇಟ್ಟರು.

ಮೇಜಿನ ನಡುವೆ ಇದ್ದದ್ದು ಮಲೀದಾ. ಅವಲಕ್ಕಿಯನ್ನು ತೊಳೆದು, ನೀರು ಹಿಂಡಿ, ಉದುರುದುರಾಗಿ ಬಿಡಿಸಿ, ಹಸಿ ಕಾಯಿತುರಿ, ಸಕ್ಕರೆ, ಏಲಕ್ಕಿ ಪುಡಿ ಬೆರೆಸುತ್ತಾರೆ. ಮೇಲೆ ಬಾದಾಮಿ, ಪಿಸ್ತಾ, ಒಣದ್ರಾಕ್ಷಿ. ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಪ್ರಾರ್ಥನೆ ಹೇಳಿದ ಮೇಲೆ ಹಂಚುವುದು. ಲೋಕದ ಯಾವ ಮೂಲೆಯ ಯೆಹೂದಿಗಳಾದರೂ ಸುನ್ನತಿಗೆ ಎಲಿಯಾಹು ಬರುತ್ತಾನೆಂದು ನಂಬಿ ಅವನಿಗೊಂದು ಕುರ್ಚಿ ಮೀಸಲಿಡುತ್ತಾರೆ. ಬೆನೆ ಇಸ್ರೇಲರಿಗೆ ಅವನು ಇನ್ನೂ ಹತ್ತಿರದವನು. ಅಲಿಬಾಗ್ ಬಳಿಯ ಖಂಡಾಲಾ ಹಳ್ಳಿಯ ಬಂಡೆಯ ಮೇಲಿರುವ ಗುರುತು ಅವನ ರಥ ಆಕಾಶಕ್ಕೇರಿದಾಗ ಮೂಡಿದ್ದೆಂದು ಅವರ ನಂಬಿಕೆ. ಮಗುವಿಗೆ ಹೆಸರಿಡುವ ದಿನವೂ ಇದೇ ಆದ್ದರಿಂದ ಮಲೀದಾ ಇಲ್ಲದ ಸುನ್ನತಿಯನ್ನು ಅಜ್ಜಿ ಒಪ್ಪುವವರಲ್ಲ.

ಹಣ್ಣಿನಲ್ಲೂ ಲೆಕ್ಕವಿದೆ. ಖರ್ಜೂರ, ಸೇಬಿಗೆ ಮರದ ಫಲದ ಸ್ತೋತ್ರ. ಬಾಳೆಹಣ್ಣಿಗೆ ನೆಲದ ಬೆಳೆಯ ಸ್ತೋತ್ರ. ಎರಡೂ ತಟ್ಟೆಯಲ್ಲಿರಬೇಕು. ಅಂದು ಪೆಸಾಖ್ ಆಗಿದ್ದರೆ ಮಲೀದಾವೇ ತೊಡಕಿಗೆ ಬರುತ್ತಿತ್ತು: ಆ ವಾರ ಬೆನೆ ಇಸ್ರೇಲರು ಅಕ್ಕಿ ತಿನ್ನುತ್ತಾರೆ, ಅಶ್ಕೆನಾಜಿಗಳು ತಿನ್ನುವುದಿಲ್ಲ.

ಇನ್ನು ಮಡಿಯ ವಿಷಯ. ಬೀಗರಲ್ಲಿ ಕೆಲವರು ಕಟ್ಟುನಿಟ್ಟಿನವರು, ಯಾರದೋ ಮನೆಯಲ್ಲಿ ಬೆಂದದ್ದನ್ನು ಮುಟ್ಟುವವರಲ್ಲ. ಹಾಗಾಗಿ ಬ್ರೆಡ್ಡು, ಬುರೇಕಾ ಎಂಬ ಪಫ್, ಸಲಾಡುಗಳು ಕೋಷರ್ ಪ್ರಮಾಣಪತ್ರವಿದ್ದ ಅಂಗಡಿಯಿಂದ ಬಂದವು. ಉಳಿದ ಅಡುಗೆ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಅಡುಗೆಮನೆಯಲ್ಲಿ. ಅಕ್ಕಿ, ಅವಲಕ್ಕಿಯನ್ನು ಹುಳುವಿಲ್ಲವೆಂದು ಖಾತ್ರಿಯಾಗುವವರೆಗೆ ಬಿಳಿ ಬಟ್ಟೆಯ ಮೇಲೆ ಹರವಿ ಆರಿಸಿದೆವು. ಕೊತ್ತಂಬರಿ ಸೊಪ್ಪಿಗೆ ಹುಳು ಹೊಗದಂತೆ ಮುಚ್ಚಿ ಬೆಳೆಸಿದ ಕಟ್ಟನ್ನೇ ತಂದರು. ತುರಿಯಲು, ಅರೆಯಲು, ಹೆಚ್ಚಲು ನನಗೆ ಅಡ್ಡಿಯಿಲ್ಲ. ಆದರೆ ಸೆಫಾರ್ದಿ ನಿಯಮದ ಪ್ರಕಾರ ಪಾತ್ರೆಯನ್ನು ಒಲೆಗೇರಿಸುವ ಕೈ ಯೆಹೂದಿಯದೇ ಆಗಿರಬೇಕು. ಅಶ್ಕೆನಾಜಿಗಳಿಗಾದರೆ ಒಲೆ ಹಚ್ಚಿಕೊಟ್ಟರೂ ಸಾಕು. ಸಾರಿನ ಪಾತ್ರೆಯನ್ನು ನಾನು ತುಂಬಿಸಿ ಕೊಟ್ಟೆ, ಅಜ್ಜಿಯ ಮಗಳು ಒಲೆಯ ಮೇಲಿಟ್ಟರು. ದ್ರಾಕ್ಷಾರಸವೂ ಹಾಗೆಯೇ. ಬಡಿಸುವವರಲ್ಲಿ ಬೇರೆ ಧರ್ಮದವರಿದ್ದರೆ ಕುದಿಸಿ ತಯಾರಿಸಿದ ‘ಮೆವುಶಾಲ್’ ಬಾಟಲಿಯನ್ನೇ ತರಬೇಕು. ಇದನ್ನು ಮುಂಚೆಯೇ ತಿಳಿಸಿಬಿಟ್ಟರೆ ಯಾರೂ ಯಾರ ಕೈಯನ್ನೂ ತಡೆಯುವ ಪ್ರಸಂಗ ಬರುವುದಿಲ್ಲ.

ಈ ಊಟಕ್ಕೂ ಮೊದಲು ಇನ್ನೊಂದು ಕೂಟವಿದೆ: ಅಶ್ಕೆನಾಜಿಗಳು ಸುನ್ನತಿಗೆ ಮುಂಚಿನ ಶುಕ್ರವಾರ ರಾತ್ರಿ ‘ಶಾಲೋಮ್ ಝಾಖರ್’ ಎಂದು ಸೇರುತ್ತಾರೆ. ಬೀಗರ ಮನೆಯಲ್ಲಿ ಅಂದು ಉಪ್ಪು, ಕಾಳುಮೆಣಸು ಹಾಕಿ ಬೇಯಿಸಿದ ಕಾಬೂಲಿ ಕಡಲೆ, ಬಿಯರು, ಕೇಕು ಇದ್ದವು. ನನಗೆ ಅದು ಒಗ್ಗರಣೆಯಿಲ್ಲದ ಉಸಲಿಯಂತೆ ಅನಿಸಿತು. ಗರ್ಭದಲ್ಲಿ ದೇವದೂತ ಕಲಿಸಿದ ತೋರಾ ಧರ್ಮಗ್ರಂಥವನ್ನು ಮಗು ಹುಟ್ಟುವಾಗ ಮರೆತುಬಿಡುತ್ತದೆ, ಆ ಮರೆವಿನ ದುಃಖಕ್ಕೆ ಈ ದುಂಡು ಕಾಳು ಎನ್ನುತ್ತಾರೆ.

ಇಷ್ಟೆಲ್ಲ ಗೊತ್ತುಮಾಡಿದರೂ ಕೊನೆಯ ಮಾತು ಮೊಹೆಲ್‌ನದು. ಮಗುವಿಗೆ ಕಾಮಾಲೆ ಇದ್ದರೆ ಅದು ಇಳಿಯುವವರೆಗೆ ಸುನ್ನತಿಯನ್ನು ಮುಂದೂಡುತ್ತಾರೆ. ಮಗುವಿನ ಜೀವಕ್ಕಿಂತ ದೊಡ್ಡ ನಿಯಮವಿಲ್ಲ. ಹಾಗಾಗಿ ಅಂಗಡಿಯವರಿಗೆ ಮುಂಗಡ ಕೊಡುವಾಗಲೇ ದಿನ ಬದಲಾದೀತೆಂದು ಹೇಳಿಟ್ಟಿರಬೇಕು. ಅವಲಕ್ಕಿ, ಸಕ್ಕರೆ, ಬಾದಾಮಿಗಳನ್ನು ಮೊದಲೇ ತಂದಿಡಬಹುದು. ಮೀನು, ಸೊಪ್ಪು, ಬಾಳೆಹಣ್ಣನ್ನು ಮೊಹೆಲ್ ಮಗುವನ್ನು ನೋಡಿ ‘ಆಗಬಹುದು’ ಎಂದ ಮೇಲೆಯೇ ತರುವುದು. ಈ ಮನೆಯಲ್ಲಿ ಮೊಹೆಲ್ ಹಿಂದಿನ ಸಂಜೆ ಬಂದು ಮಗುವಿನ ಕಣ್ಣು, ಅಂಗಾಲು ನೋಡಿ ಒಪ್ಪಿಗೆ ಕೊಟ್ಟರು. ಅಂಗಡಿ ಮುಚ್ಚುವುದರೊಳಗೆ ಮೀನು ತರಲು ಮೊಮ್ಮಗ ಹೊರಟ. ನಾನು ತೆಂಗಿನಕಾಯಿ ಒಡೆಯಲು ಕೂತೆ.